ಹತ್ತಿ ಕಳೆದುಕೊಂಡ ಮೇಣ

ಎರಡು ಬಟ್ಟಲಲ್ಲಿ ನೀರು ತುಂಬಿಡಿ. ಒಂದಕ್ಕೆ ಔಷಧಿ ಅಂಗಡಿಯಲ್ಲಿ ಸಿಗುವ, ಗಾಯ ಒರೆಸುವ ಬಿಳಿ ಹತ್ತಿಯ ಸಣ್ಣ ಉಂಡೆ ಹಾಕಿ. ಇನ್ನೊಂದಕ್ಕೆ ಗಿಡದ ಕಾಯಿಂದ ಬಿಡಿಸಿದ, ಬೀಜ ತೆಗೆದ ಹತ್ತಿಯ ಉಂಡೆ ಹಾಕಿ. ಹೂಬತ್ತಿ ಹೊಸೆಯಲೆಂದು ಅಜ್ಜಿಯರು ಡಬ್ಬಿಯಲ್ಲಿ ಇಟ್ಟುಕೊಂಡಿರುತ್ತಾರಲ್ಲ, ಆ ಹತ್ತಿ. ಅಂಗಡಿಯಿಂದ ತಂದ ಬತ್ತಿ ಬೇಡ, ಅದನ್ನು ಮೊದಲೇ ಬೇಯಿಸಿ ತೊಳೆದಿರಬಹುದು.

ಔಷಧಿ ಅಂಗಡಿಯ ಹತ್ತಿ ನೀರು ಮುಟ್ಟಿದ್ದೇ ತಡ, ಹೀರಿಕೊಂಡು ತಳ ಸೇರುತ್ತದೆ. ಗಿಡದ ಹತ್ತಿ ತೇಲುತ್ತದೆ. ಬೆರಳಿನಿಂದ ಒತ್ತಿ ಮುಳುಗಿಸಿ ನೋಡಿ: ನೀರಿನೊಳಗೆ ಅದರ ಮೈ ಬೆಳ್ಳಿಯಂತೆ ಹೊಳೆಯುತ್ತದೆ. ಎಳೆಗಳ ಸುತ್ತ ಸಿಕ್ಕಿಕೊಂಡ ಗಾಳಿಯಿಂದ ಬಂದ ಹೊಳಪು ಅದು. ಬೆರಳು ತೆಗೆದರೆ ಮತ್ತೆ ಮೇಲೆ ಬರುತ್ತದೆ. ಈಗ ಅದೇ ಹತ್ತಿಯ ಒಣ ಚೂರಿಗೆ ಒಂದು ಹನಿ ಎಳ್ಳೆಣ್ಣೆ ಬಿಡಿ. ಎಣ್ಣೆ ಕೂಡಲೇ ಒಳಗೆ ಇಳಿದುಬಿಡುತ್ತದೆ. ನೀರನ್ನು ಬೇಡ ಎನ್ನುವ ಹತ್ತಿ ಎಣ್ಣೆಯನ್ನು ಮಾತ್ರ ಬಾ ಎನ್ನುತ್ತದೆ. ಹೂಬತ್ತಿ ಚೆನ್ನಾಗಿ ಉರಿಯುವುದಕ್ಕೆ ಇದೂ ಒಂದು ಕಾರಣ.

ಒಂದೇ ಹತ್ತಿಗೆ ಎರಡು ಸ್ವಭಾವ ಹೇಗೆ ಬಂತು? ಉತ್ತರ ಮೇಣದಲ್ಲಿದೆ. ಹತ್ತಿಯ ಎಳೆ ಎಂದರೆ ಬೀಜದ ಮೈಮೇಲೆ ಹುಟ್ಟುವ ಕೂದಲು. ಎರಡೂವರೆ ಮೂರು ಸೆಂಟಿಮೀಟರ್ ಉದ್ದದ ಆ ಇಡೀ ಎಳೆ ಒಂದೇ ಒಂದು ಜೀವಕೋಶ! ಅದರ ಬಹುಪಾಲು ಸೆಲ್ಯುಲೋಸ್. ಹೊರಮೈಗೆ ಮಾತ್ರ ಗಿಡವೇ ಹಚ್ಚಿದ ತೆಳುವಾದ ಮೇಣದ ಪೊರೆ. ತೂಕದಲ್ಲಿ ಆ ಮೇಣ ನೂರಕ್ಕೆ ಒಂದು ಪಾಲಿನಷ್ಟು, ಎಷ್ಟೋ ಸಲ ಅದಕ್ಕೂ ಕಡಿಮೆ. ಅಷ್ಟು ಸಾಕು, ನೀರು ಹತ್ತಿರ ಸುಳಿಯುವುದಿಲ್ಲ.

ಆದರೆ ನೀರು ಒಳಗೆ ಹೋಗದಿದ್ದರೆ ಬಣ್ಣವೂ ಹೋಗುವುದಿಲ್ಲ. ಹಾಗಾಗಿ ಗಿರಣಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಮೊದಲು ಕಾಸ್ಟಿಕ್ ಸೋಡಾ ನೀರಿನಲ್ಲಿ ಕುದಿಸಿ ಈ ಮೇಣವನ್ನು ತೆಗೆದುಬಿಡುತ್ತಾರೆ. ಔಷಧಿ ಅಂಗಡಿಯ ಹತ್ತಿಗೂ ಇದೇ ಉಪಚಾರ. ಮೇಣ ಹೋದ ಮೇಲೆ ಉಳಿಯುವುದು ಬರೀ ಸೆಲ್ಯುಲೋಸ್. ಅದರ ಅಣುವಿನ ಉದ್ದಕ್ಕೂ ಹೈಡ್ರಾಕ್ಸಿಲ್ ಎಂಬ ಗುಂಪುಗಳಿವೆ, ಆಮ್ಲಜನಕದ ಒಂದು ಪರಮಾಣು ಮತ್ತು ಜಲಜನಕದ ಒಂದು ಪರಮಾಣು ಸೇರಿದ ಜೋಡಿಗಳು. ನೀರಿನ ಅಣುವಿಗೆ ಇವುಗಳ ಮೇಲೆ ಬಲು ಸೆಳೆತ. ಅದಕ್ಕೇ ಟವೆಲು ಹತ್ತಿಯದಾದರೆ ಮೈ ಬೇಗ ಒಣಗುತ್ತದೆ. ಅದೇ ಕಾರಣಕ್ಕೆ ಹತ್ತಿಯ ಅಂಗಿ ತೊಟ್ಟು ಮಳೆಗೆ ಸಿಕ್ಕರೆ ಮೈಯೆಲ್ಲ ತೊಪ್ಪೆ.

ನಮ್ಮ ಬಯಲುಸೀಮೆಯಲ್ಲಿ ಒದ್ದೆಯಾದರೆ ಒಂದು ಸೀನು, ಎರಡು ಬೈಗುಳ, ಅಷ್ಟಕ್ಕೆ ಮುಗಿಯಬಹುದು. ಚಳಿಯ ನಾಡಿನಲ್ಲಿ ಹಾಗಲ್ಲ. ಒಣ ಬಟ್ಟೆ ನಮ್ಮನ್ನು ಬೆಚ್ಚಗಿಡುವುದು ಎಳೆಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ಬಟ್ಟೆ ನೆನೆದಾಗ ಆ ಗಾಳಿಯ ಜಾಗಕ್ಕೆ ನೀರು ಬರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಸಲೀಸಾಗಿ ಶಾಖವನ್ನು ಸಾಗಿಸುತ್ತದೆ. ಮೈಯ ಬಿಸಿ ಸೋರಿಹೋಗುತ್ತದೆ. ಉತ್ತರ ಸಮುದ್ರದಲ್ಲಿ ಮೀನು ಹಿಡಿಯುವವರಿಗೆ, ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಕುರಿ ಕಾಯುವವರಿಗೆ ಒಣಗಿದ ಅಂಗಿ ಎಂದರೆ ಜೀವ ಉಳಿಸುವ ವಸ್ತು.

ಹಾಗಾಗಿ ಅವರು ದಾರಿ ಹುಡುಕಿದರು. ಹಾಯಿ ಹಡಗುಗಳ ಕಾಲದಲ್ಲಿ ಸ್ಕಾಟ್ಲೆಂಡಿನ ಪೂರ್ವ ತೀರದ ಆರ್ಬ್ರೋತ್‌ನಂಥ ಊರುಗಳಲ್ಲಿ ಹಾಯಿಬಟ್ಟೆ ನೇಯುತ್ತಿದ್ದರು. ಆ ಬಟ್ಟೆ ಅಗಸೆ ಗಿಡದ ನಾರಿನದು. ಅದಕ್ಕೆ ಬಳಿಯುತ್ತಿದ್ದ ಎಣ್ಣೆಯೂ ಅದೇ ಗಿಡದ ಬೀಜದ್ದು. ಉತ್ತರ ಕರ್ನಾಟಕದ ಮಕ್ಕಳು ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಚಟ್ನಿಯ ಅಗಸೆಯೇ ಇದು! ಎಣ್ಣೆ ಬಳಿದ ಹಾಯಿ ನೀರು ಕುಡಿದು ಭಾರವಾಗುತ್ತಿರಲಿಲ್ಲ. ಹಳೆಯದಾಗಿ ಹರಿದ ಹಾಯಿಯನ್ನು ನಾವಿಕರು ಬಿಸಾಡದೆ ಕತ್ತರಿಸಿ ಮೈಮೇಲೆ ಹೊದೆಯುವ ಅಂಗಿ ಮಾಡಿಕೊಂಡರು.

ಅಗಸೆ ಎಣ್ಣೆಗೆ ಒಂದು ವಿಶೇಷ ಗುಣವಿದೆ. ಕೊಬ್ಬರಿ ಎಣ್ಣೆಯ ಹಾಗೆ ಅದು ಜಿಡ್ಡಾಗಿಯೇ ಉಳಿಯುವುದಿಲ್ಲ. ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮೆಲ್ಲಗೆ ಗಟ್ಟಿಯಾಗಿ, ಬಟ್ಟೆಯ ಮೇಲೆ ಪೊರೆಯಾಗುತ್ತದೆ. ಹೀಗೆ ಗಟ್ಟಿಯಾಗುವಾಗ ಶಾಖ ಹೊಮ್ಮುತ್ತದೆ. ಆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಬೆಂಕಿ ಸೋಕದೆಯೇ ಹೊತ್ತಿಕೊಳ್ಳಬಹುದು. ಬಡಗಿಗಳಿಗೆ ಈ ಅಪಾಯ ಚೆನ್ನಾಗಿ ಗೊತ್ತು. ಎಣ್ಣೆಯ ಅಂಗಿಗೆ ಇನ್ನೂ ಎರಡು ತೊಂದರೆ ಇದ್ದವು. ದಿನ ಕಳೆದಂತೆ ಅದು ಹಳದಿಯಾಗುತ್ತಿತ್ತು. ಚಳಿಗೆ ಸೆಟೆದು, ಮಡಿಸಿದಲ್ಲಿ ಬಿರುಕು ಬಿಡುತ್ತಿತ್ತು.

1894ರಲ್ಲಿ ಜಾನ್ ಬಾರ್ಬರ್ ಎಂಬ ಸ್ಕಾಟ್ಲೆಂಡಿನವರು ಇಂಗ್ಲೆಂಡಿನ ಸೌತ್ ಶೀಲ್ಡ್ಸ್ ಊರಿನಲ್ಲಿ ಅಂಗಡಿ ತೆರೆದರು. ಟೈನ್ ನದಿ ಉತ್ತರ ಸಮುದ್ರವನ್ನು ಸೇರುವ ಜಾಗ ಅದು. ಹಡಗಿನವರು, ಮೀನುಗಾರರು, ಬಂದರಿನ ಕೂಲಿಗಳು ಎಣ್ಣೆಯಂಗಿ ಕೊಳ್ಳಲು ಅಲ್ಲಿಗೆ ಬರುತ್ತಿದ್ದರು. ಮುಂದೆ, ಹೆಚ್ಚುಕಡಿಮೆ 1930ರ ದಶಕದ ಹೊತ್ತಿಗೆ, ಬ್ರಿಟನ್ನಿನ ಗಿರಣಿಗಳು ಒತ್ತಾಗಿ ನೇಯ್ದ ಹತ್ತಿ ಬಟ್ಟೆಗೆ ಪ್ಯಾರಾಫಿನ್ ಮೇಣ ಉಣಿಸತೊಡಗಿದವು. ಮೇಣದಬತ್ತಿಯಲ್ಲಿರುವ ಮೇಣದ ಜಾತಿಯದೇ, ಇನ್ನಷ್ಟು ಮೆದು. ಅದು ಅಗಸೆ ಎಣ್ಣೆಯಷ್ಟು ಸೆಟೆಯುವುದಿಲ್ಲ, ಬಿರಿಯುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಉರ್ಸುಲಾ ಎಂಬ ಜಲಾಂತರ್ಗಾಮಿಯ ಕ್ಯಾಪ್ಟನ್ ಜಾರ್ಜ್ ಫಿಲಿಪ್ಸ್ ಅವರಿಗೆ ಮೋಟಾರ್‌ಸೈಕಲ್ ಸವಾರರ ಮೇಣದ ಉಡುಪು ಹಿಡಿಸಿತು. ಅದರಿಂದ ಹುಟ್ಟಿದ ಸಮವಸ್ತ್ರಕ್ಕೆ ‘ಉರ್ಸುಲಾ ಸೂಟ್’ ಎಂದೇ ಹೆಸರಾಯಿತು. ಗಿಡ ಹಚ್ಚಿಕೊಟ್ಟಿದ್ದ ಮೇಣವನ್ನು ಕುದಿಸಿ ತೆಗೆದ ಮನುಷ್ಯ, ಕೊನೆಗೆ ಬೇರೊಂದು ಮೇಣವನ್ನು ತಾನೇ ಹಚ್ಚಿದ. ನನಗೆ ಈ ಕತೆಯಲ್ಲಿ ತುಂಬ ಇಷ್ಟವಾಗುವ ತಿರುವು ಇದೇ.

ಇನ್ನು ಮೇಣ ಏನು ಮಾಡುತ್ತದೆ ನೋಡೋಣ. ನೀರಿನ ಅಣುಗಳು ಒಂದನ್ನೊಂದು ಜೋರಾಗಿ ಸೆಳೆಯುತ್ತವೆ. ಹನಿಯ ಒಳಗಿರುವ ಅಣುವಿಗೆ ಎಲ್ಲ ದಿಕ್ಕಿನಿಂದಲೂ ಸೆಳೆತ. ಅಂಚಿನಲ್ಲಿರುವ ಅಣುವಿಗೆ ಹೊರಗಡೆ ಸಂಗಾತಿಗಳಿಲ್ಲ, ಹಾಗಾಗಿ ಅದು ಒಳಮುಖವಾಗಿ ಎಳೆಯಲ್ಪಡುತ್ತದೆ. ಇದರಿಂದ ನೀರಿನ ಮೇಲ್ಮೈ ಬಿಗಿದ ಪೊರೆಯಂತೆ ವರ್ತಿಸುತ್ತದೆ. ಇದಕ್ಕೆ ಮೇಲ್ಮೈ ಸೆಳೆತ ಎನ್ನುತ್ತಾರೆ. ಬರೀ ಸೆಲ್ಯುಲೋಸಿನ ಮೇಲೆ ಬಿದ್ದ ಹನಿಗೆ ಕೆಳಗಿನ ಸೆಳೆತವೇ ಜಾಸ್ತಿ, ಅದು ಹರಡಿ ಇಂಗುತ್ತದೆ. ಮೇಣ ಹಾಗಲ್ಲ. ಅದು ಇಂಗಾಲ ಮತ್ತು ಜಲಜನಕದ ಉದ್ದುದ್ದ ಸರಪಣಿ. ನೀರನ್ನು ಸೆಳೆಯುವ ಹೈಡ್ರಾಕ್ಸಿಲ್ ಗುಂಪು ಅದರಲ್ಲಿಲ್ಲ. ಕೆಳಗಿನಿಂದ ಕರೆಯುವವರಿಲ್ಲದೆ ಹನಿ ತನ್ನನ್ನು ತಾನೇ ಸೆಳೆದುಕೊಂಡು ದುಂಡಗೆ ಕೂರುತ್ತದೆ, ಅಂಗಿ ಸ್ವಲ್ಪ ವಾಲಿದರೆ ಉರುಳಿ ಹೋಗುತ್ತದೆ.

ಕೆಸುವಿನ ಎಲೆ, ತಾವರೆ ಎಲೆಗಳ ಮೇಲೆ ಇದನ್ನು ನೀವು ನೋಡಿದ್ದೀರಿ. ಅಲ್ಲೂ ಮೇಣವಿದೆ. ಜೊತೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳೂ ಇವೆ. ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಟ್‌ಲಾಟ್ ಎಲೆಗಳ ಮೇಲ್ಮೈಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಈ ಗುಟ್ಟು ಬಿಡಿಸಿದರು. ಆದರೆ ಎಲೆಗೂ ಅಂಗಿಗೂ ದೊಡ್ಡ ವ್ಯತ್ಯಾಸವೊಂದಿದೆ. ಎಲೆಗೆ ಜೀವವಿದೆ. ಎಷ್ಟೋ ಗಿಡಗಳು ಸವೆದ ಮೇಣವನ್ನು ತಾವೇ ಮತ್ತೆ ಸ್ರವಿಸಿಕೊಳ್ಳುತ್ತವೆ. ಅಂಗಿಗೆ ಆ ಶಕ್ತಿ ಇಲ್ಲ. ಅದಕ್ಕೆ ಯಾರಾದರೂ ಹಚ್ಚಿಕೊಡಬೇಕು.

ಮೇಣ ಸವೆಯುವುದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಮೊಣಕೈ ಮಡಿಸುವಲ್ಲಿ, ಚೀಲದ ಪಟ್ಟಿ ಉಜ್ಜುವ ಭುಜದಲ್ಲಿ, ಜೇಬಿನ ಅಂಚಿನಲ್ಲಿ ಮೊದಲು ಹೋಗುತ್ತದೆ. ಅಂಥ ಜಾಗದಲ್ಲಿ ಬಟ್ಟೆಯ ಬಣ್ಣ ಮಾಸಿ, ಒಣಕಲಾಗಿ ಕಾಣುತ್ತದೆ. ಪರೀಕ್ಷೆಗೆ ಒಂದು ಹನಿ ನೀರು ಸಾಕು: ದುಂಡಗೆ ನಿಂತರೆ ಮೇಣವಿದೆ, ಕಪ್ಪು ಕಲೆಯಾಗಿ ಹರಡಿದರೆ ಹೋಗಿದೆ. ಇಲ್ಲಿ ಬಟ್ಟೆ ಹಾಳಾಗಿಲ್ಲ ಎಂಬುದನ್ನು ಗಮನಿಸಿ. ನೂಲು ಗಟ್ಟಿಯಾಗಿಯೇ ಇದೆ, ಹೊಲಿಗೆ ಸರಿಯಾಗಿದೆ. ಹೋಗಿರುವುದು ಹೊರಗಿನ ಪೊರೆ ಮಾತ್ರ.

ಇದನ್ನು ತಿಳಿಯದೆ ಕೆಲವರು ಅಂಗಿಯನ್ನು ವಾಷಿಂಗ್ ಮಷೀನಿಗೆ ಹಾಕಿಬಿಡುತ್ತಾರೆ. ಉಳಿದಿದ್ದ ಮೇಣವೂ ಹೋಗುತ್ತದೆ. ಬಿಸಿನೀರು ಮೇಣವನ್ನು ಮೆತ್ತಗಾಗಿಸುತ್ತದೆ. ಆಮೇಲಿನ ಕೆಲಸ ಸೋಪಿನದು. ಸೋಪಿನ ಅಣು ಎರಡೂ ಪಕ್ಷಕ್ಕೆ ಬೇಕಾದ ಮಧ್ಯಸ್ಥಗಾರನಿದ್ದ ಹಾಗೆ: ಅದರ ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ತುದಿ ಎಣ್ಣೆ, ಮೇಣಗಳನ್ನು ಹಿಡಿಯುತ್ತದೆ. ಹೀಗೆ ಮೇಣದ ಕಣಗಳನ್ನು ಬಟ್ಟೆಯಿಂದ ಬಿಡಿಸಿ ನೀರಿನ ಜೊತೆ ಕಳಿಸುತ್ತದೆ. ಅಷ್ಟೇ ಅಲ್ಲ, ಬಟ್ಟೆಯಲ್ಲಿ ಉಳಿದ ಸೋಪು ಮುಂದಿನ ಮಳೆಯ ಹನಿಯನ್ನೂ ಒಳಗೆ ಕರೆಯುತ್ತದೆ. ಅದಕ್ಕೇ ಮೇಣದ ಅಂಗಿಯನ್ನು ತಣ್ಣೀರಿನಲ್ಲಿ ಅದ್ದಿದ ಸ್ಪಂಜಿನಿಂದ ಒರೆಸುವುದೊಂದೇ ಸರಿ. ಸೋಪಿಲ್ಲ, ಬಿಸಿನೀರಿಲ್ಲ, ಡ್ರೈಕ್ಲೀನಿಂಗೂ ಇಲ್ಲ.

ಮತ್ತೆ ಮೇಣ ಹಚ್ಚುವ ಕೆಲಸ ನೋಡಲು ಸರಳ. ಅದರ ಒಂದೊಂದು ಹೆಜ್ಜೆಯಲ್ಲೂ ವಿಜ್ಞಾನ ಅಡಗಿದೆ. ಬ್ರಿಟನ್ನಿನ ಮನೆಗಳಲ್ಲಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಮಳೆ ಚಳಿ ಶುರುವಾಗುವ ಮೊದಲು, ಇದನ್ನು ಮಾಡುತ್ತಾರೆ. ಮೊದಲು ಅಂಗಿಯ ಕೆಸರನ್ನು ಬ್ರಷ್ಷಿನಿಂದ ಉದುರಿಸಿ, ತಣ್ಣೀರಿನಿಂದ ಒರೆಸಿ, ಪೂರ್ತಿ ಒಣಗಿಸುತ್ತಾರೆ. ಒದ್ದೆ ಇದ್ದರೆ ಎಳೆಗಳ ನಡುವೆ ನೀರು ಜಾಗ ಹಿಡಿದು ಮೇಣವನ್ನು ಒಳಗೆ ಬಿಡುವುದಿಲ್ಲ.

ಆಮೇಲೆ ಮೇಣದ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಡುತ್ತಾರೆ. ನೇರವಾಗಿ ಒಲೆಯ ಮೇಲೆ ಇಡುವುದಿಲ್ಲ. ಏಕೆ? ಮೇಣ ತುಂಬ ಕಾದರೆ ಆವಿಯಾಗುತ್ತದೆ, ಆ ಆವಿ ಬೆಂಕಿ ಹಿಡಿಯುತ್ತದೆ. ಮೇಣದಬತ್ತಿಯಲ್ಲಿ ಉರಿಯುವುದೂ ಆವಿಯೇ. ನೀರು ಎಷ್ಟೇ ಕುದಿಯಲಿ, ತೆರೆದ ಪಾತ್ರೆಯಲ್ಲಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಹಾಗಾಗಿ ನೀರಿನೊಳಗೆ ಇಟ್ಟ ಡಬ್ಬಿಯೂ ಅದನ್ನು ಮೀರದು. ಮೇಣ ಕರಗಲು ಅಷ್ಟು ಬೇಕಾಗಿಯೂ ಇಲ್ಲ. ಗಟ್ಟಿ ಜೇನುಮೇಣವೇ 62ರಿಂದ 64 ಡಿಗ್ರಿಗೆ ಕರಗುತ್ತದೆ. ನೀರು ಇಲ್ಲಿ ಶಾಖ ಕೊಡುವ ಕೆಲಸವನ್ನೂ ಮಾಡುತ್ತದೆ, ಶಾಖ ಮಿತಿಮೀರದಂತೆ ಕಾಯುವ ಕೆಲಸವನ್ನೂ ಮಾಡುತ್ತದೆ.

ಕರಗಿದ ಮೇಣವನ್ನು ಸ್ಪಂಜಿನಲ್ಲಿ ಅದ್ದಿ ತೆಳ್ಳಗೆ ಉಜ್ಜುತ್ತಾರೆ. ಹೊಲಿಗೆಗಳಿಗೆ, ಮಡಿಕೆಗಳಿಗೆ ಹೆಚ್ಚು ಗಮನ. ಸೂಜಿ ತೂರಿದ ಜಾಗವೆಲ್ಲ ನೀರಿಗೆ ಬಾಗಿಲು ತಾನೇ? ಕಾಲರಿನ ಮಖಮಲ್ಲಿನಂಥ ಬಟ್ಟೆಗೂ ಜೇಬಿನ ಒಳಗೂ ತಾಗಿಸುವುದಿಲ್ಲ. ಹಚ್ಚಿದ ಕೂಡಲೇ ಮೇಣ ತಣ್ಣಗಾಗಿ ಬಿಳಿ ಬಿಳಿಯಾಗಿ ಮೇಲೆಯೇ ಕೂರುತ್ತದೆ. ಆಗ ಹೇರ್ ಡ್ರೈಯರಿನ ಬಿಸಿಗಾಳಿ ಬಿಡಬೇಕು. ನಿಮ್ಮ ಕಣ್ಣೆದುರೇ ಆ ಬಿಳಿ ಗೆರೆಗಳು ಮಾಯವಾಗಿ, ಬಟ್ಟೆಯ ಬಣ್ಣ ಗಾಢವಾಗಿ, ಮಾಸಿದ್ದ ಮೊಣಕೈ ಹೊಸದರ ಹಾಗೆ ಮಿರುಗುತ್ತದೆ.

ಮೇಣ ಎಲ್ಲಿಗೆ ಹೋಯಿತು? ಎಳೆಗಳ ನಡುವಿನ ಕಿರಿದಾದ ಸಂದುಗಳಿಗೆ. ಕಿರಿದಾದ ಸಂದಿನಲ್ಲಿ ದ್ರವ ತಾನಾಗಿ ಏರುವ, ಹರಿಯುವ ಈ ಗುಣಕ್ಕೆ ಲೋಮನಾಳ ಕ್ರಿಯೆ ಎಂದು ಹೆಸರು. ಮಳೆಯನ್ನು ಬಟ್ಟೆಯೊಳಗೆ ಎಳೆದು ನಮ್ಮನ್ನು ನೆನೆಸುವುದೂ ಇದೇ ಕ್ರಿಯೆ. ಮೇಣ ಅದೇ ದಾರಿಯಲ್ಲಿ ಮೊದಲು ಹೋಗಿ ಕುಳಿತುಬಿಟ್ಟರೆ ನೀರಿಗೆ ದಾರಿ ಇಲ್ಲ. ಕೊನೆಗೆ ಹೆಚ್ಚಾದ ಮೇಣ ಒರೆಸಿ, ಅಂಗಿಯನ್ನು ಒಂದು ರಾತ್ರಿ ಬೆಚ್ಚನೆಯ ಕಡೆ, ಬೇರೆ ಬಟ್ಟೆಗಳಿಗೆ ತಾಗದಂತೆ ನೇತುಹಾಕುತ್ತಾರೆ.

ಸ್ವೀಡನ್ನಿನಲ್ಲಿ ರೂಢಿ ಸ್ವಲ್ಪ ಬೇರೆ. 1960ರ ದಶಕದಲ್ಲಿ ಓಕೆ ನೂರ್ಡಿನ್ ಎಂಬುವರು ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆಸಿದ ಗಟ್ಟಿ ಬಟ್ಟೆಯಿಂದ ಅಂಗಿ ಹೊಲಿಸಿ, ಅದಕ್ಕೆ ಪ್ಯಾರಾಫಿನ್ ಮತ್ತು ಜೇನುಮೇಣ ಬೆರೆಸಿದ ಗಟ್ಟಿಯನ್ನು ಉಜ್ಜಿದರು. ಅಲ್ಲಿ ಜನ ಮೇಣದ ತುಂಡನ್ನು ಬಟ್ಟೆಗೆ ಬಳಪದಂತೆ ಗೀಚಿ, ಇಸ್ತ್ರಿ ಪೆಟ್ಟಿಗೆಯಿಂದ ಕರಗಿಸುತ್ತಾರೆ. ಮಳೆಗಾಲಕ್ಕೆ ಹೆಚ್ಚು, ಬೇಸಿಗೆಗೆ ಕಡಿಮೆ. ಭುಜಕ್ಕೆ ಎರಡು ಸಲ, ಬೆನ್ನಿಗೆ ಒಂದು ಸಲ. ಎಷ್ಟು ಬೇಕೋ ಅಷ್ಟು.

ಈ ಸ್ವೀಡನ್ ವಿಧಾನವನ್ನೇ ನೀವು ಮನೆಯಲ್ಲಿ ಸಣ್ಣದಾಗಿ ಮಾಡಬಹುದು. ಇಸ್ತ್ರಿ ಪೆಟ್ಟಿಗೆ ಹಿಡಿಯಲು ಅಪ್ಪ, ಅಮ್ಮ ಅಥವಾ ಟೀಚರ್ ಜೊತೆಗಿರಲೇಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಹಳೆಯ ಹತ್ತಿ ಬಟ್ಟೆಯ ಅಂಗೈಯಗಲದ ಎರಡು ತುಂಡು ತೆಗೆದುಕೊಳ್ಳಿ, ಒತ್ತಾಗಿ ನೇಯ್ದ ಬಟ್ಟೆಯಾದರೆ ಒಳ್ಳೆಯದು. ಒಂದಕ್ಕೆ ಮೇಣದಬತ್ತಿಯನ್ನು ಎರಡೂ ಕಡೆ ಚೆನ್ನಾಗಿ ಉಜ್ಜಿ. ಅದನ್ನು ಎರಡು ಬಿಳಿ ಹಾಳೆಗಳ ನಡುವೆ ಇಟ್ಟು, ತೀರ ಕಡಿಮೆ ಬಿಸಿಯ ಇಸ್ತ್ರಿಯನ್ನು ಮೇಲೆ ಒಂದೆರಡು ಸಲ ಆಡಿಸಲಿ. ಆರಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ನೂಲಿನ ನಡುವಿನ ಸಣ್ಣ ತೂತುಗಳು ಬಹುಮಟ್ಟಿಗೆ ಇನ್ನೂ ಕಾಣುತ್ತವೆ. ಈಗ ಆ ಬಟ್ಟೆಯನ್ನು ಲೋಟದ ಬಾಯಿಗೆ ನಡುವೆ ಸ್ವಲ್ಪ ತಗ್ಗು ಬರುವಂತೆ ಕಟ್ಟಿ, ಒಂದು ಚಮಚ ನೀರನ್ನು ಮೆಲ್ಲಗೆ ಬಿಡಿ. ನೀರು ನಿಲ್ಲುತ್ತದೆ! ತೂತಿದ್ದೂ ಸೋರುವುದಿಲ್ಲ, ಏಕೆಂದರೆ ಮೇಣದ ನೂಲುಗಳ ನಡುವೆ ಮೇಲ್ಮೈ ಸೆಳೆತ ನೀರನ್ನು ತಡೆದು ಹಿಡಿದಿದೆ. ಮೇಣವಿಲ್ಲದ ತುಂಡಿನಲ್ಲಿ ಇದೇ ಮಾಡಿದರೆ ನೀರು ಹರಡಿ ತೊಟ್ಟಿಕ್ಕುತ್ತದೆ.

ಇನ್ನು ನಿಂತ ನೀರಿಗೆ ಕಡ್ಡಿಯ ತುದಿಯಿಂದ ಒಂದು ಹನಿ ಪಾತ್ರೆ ತೊಳೆಯುವ ಸೋಪು ತಾಗಿಸಿ, ಸ್ವಲ್ಪ ಕಾಯಿರಿ. ಉಬ್ಬಿದ್ದ ನೀರು ಕುಸಿದು ಚಪ್ಪಟೆಯಾಗುತ್ತದೆ, ಮೆಲ್ಲಗೆ ಬಟ್ಟೆ ಒದ್ದೆಯಾಗತೊಡಗುತ್ತದೆ. ಸೋಪು ಮೇಲ್ಮೈ ಸೆಳೆತವನ್ನು ಕಡಿಮೆ ಮಾಡಿತು.

ಹೀಗೆಯೇ ಮೇಣ ಹಚ್ಚಿದ ಮೂರನೆಯ ತುಂಡೊಂದರ ಮೇಲೆ ನೀರು ನಿಲ್ಲಿಸಿ, ಬಟ್ಟೆಯನ್ನು ಬೆರಳಿನಿಂದ ಒತ್ತಿ ಉಜ್ಜಿದರೆ ಅಲ್ಲಿಯೂ ನೀರು ಜಿನುಗಬಹುದು. ಒತ್ತಡ ಮೇಲ್ಮೈ ಸೆಳೆತವನ್ನು ಸೋಲಿಸುತ್ತದೆ. ಹತ್ತಿಯ ಡೇರೆಯಲ್ಲಿ ಮಲಗಿದಾಗ, ಮಳೆ ಬರುತ್ತಿದ್ದರೆ ಒಳಗಿನಿಂದ ಬಟ್ಟೆ ಮುಟ್ಟಬೇಡಿ ಎಂದು ಸ್ಕೌಟ್ ಮಾಸ್ತರರು ಹೇಳುವುದು ಇದಕ್ಕೇ. ಬೆನ್ನುಚೀಲದ ಪಟ್ಟಿಯ ಕೆಳಗೆ ಮೇಣದ ಅಂಗಿಯೂ ಒದ್ದೆಯಾಗುವುದುಂಟು.

‘ಹಾಗಾದರೆ ರಬ್ಬರಿನ ಅಂಗಿ ತೊಟ್ಟರಾಯಿತಲ್ಲ?’ ಎಂದು ಕೇಳುತ್ತೀರಿ. ಚಾರ್ಲ್ಸ್ ಮ್ಯಾಕಿಂಟೋಷ್ 1823ರಲ್ಲೇ ಎರಡು ಬಟ್ಟೆಗಳ ನಡುವೆ ರಬ್ಬರಿನ ಪದರ ಇಟ್ಟು ಮಳೆಯಂಗಿಗೆ ಪೇಟೆಂಟ್ ಪಡೆದರು. ಹೊರಗಿನ ನೀರು ಒಳಗೆ ಬರಲಿಲ್ಲ ನಿಜ, ಒಳಗಿನ ಬೆವರೂ ಹೊರಗೆ ಹೋಗಲಿಲ್ಲ. ಶಾಲೆಗೆ ಪ್ಲಾಸ್ಟಿಕ್ ರೇನ್‌ಕೋಟ್ ಹಾಕಿಕೊಂಡು ಓಡಿದವರಿಗೆ ಆ ಕಸಿವಿಸಿ ಗೊತ್ತು. ಮೇಣದ ಹತ್ತಿಯಲ್ಲಿ ಉಳಿದ ಕಿರುದಾರಿಗಳಿಂದ ಬೆವರಿನ ಆವಿ ಸ್ವಲ್ಪವಾದರೂ ಹೊರಗೆ ಹೋಗುತ್ತದೆ. ಈಚಿನವರೆಗೂ ಅನೇಕ ಮಳೆಯಂಗಿಗಳಿಗೆ ಫ್ಲೋರಿನ್ ಇರುವ ರಾಸಾಯನಿಕಗಳ ಲೇಪ ಹಾಕುತ್ತಿದ್ದರು. ಅವು ನೀರನ್ನೂ ಎಣ್ಣೆಯನ್ನೂ ಚೆನ್ನಾಗಿ ತಡೆಯುತ್ತವೆ. ಆದರೆ ಮಣ್ಣು ನೀರು ಸೇರಿದ ಮೇಲೆ ಅವು ಕರಗಿ ಕೊಳೆತು ಹೋಗುವುದೇ ಇಲ್ಲ ಎನ್ನುವಷ್ಟು ಗಟ್ಟಿ. ಅದಕ್ಕಾಗಿ ಈಗ ಹಲವು ತಯಾರಕರು ಅವನ್ನು ಬಿಡುತ್ತಿದ್ದಾರೆ.

ಮೇಣವೇ ಇಲ್ಲದೆ ಹತ್ತಿಯಿಂದ ಮಳೆ ತಡೆಯುವ ಇನ್ನೊಂದು ಉಪಾಯವೂ ಇದೆ, ಇದು ಪೂರ್ತಿ ಉಲ್ಟಾ. ಎರಡನೆಯ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಶರ್ಲಿ ಸಂಸ್ಥೆಯಲ್ಲಿ ವೆಂಟೈಲ್ ಎಂಬ ಬಟ್ಟೆ ರೂಪಿಸಿದರು. ತೀರ ಉದ್ದ ಎಳೆಯ ಹತ್ತಿಯನ್ನು ಬಲು ಒತ್ತಾಗಿ ನೇಯ್ದದ್ದು. ಮಳೆ ತಾಗಿದೊಡನೆ ನೂಲು ನೀರು ಕುಡಿದು ಉಬ್ಬಿ, ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಕಡಲಿನ ತಣ್ಣೀರಿಗೆ ಬೀಳುವ ಅಪಾಯವಿದ್ದ ಪೈಲಟ್‌ಗಳ ಉಡುಪಿಗೆ ಇದನ್ನು ಬಳಸಿದರು. ಅಂದಹಾಗೆ ಉದ್ದ ಎಳೆಯ ಹತ್ತಿ ಎಂದರೆ ಕನ್ನಡಿಗರಿಗೂ ಹೆಮ್ಮೆಯ ಮಾತಿದೆ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿ ಅವರು ಎರಡು ಬೇರೆ ಪ್ರಭೇದದ ಹತ್ತಿಗಳನ್ನು ಸೇರಿಸಿ ವರಲಕ್ಷ್ಮಿ ಎಂಬ ಉದ್ದ ಎಳೆಯ ಹೈಬ್ರಿಡ್ ತಳಿ ಕೊಟ್ಟರು. ವೆಂಟೈಲ್ ಬಟ್ಟೆಗೂ ಹೊರಮೈಗೆ ನೀರು ತಡೆಯುವ ತೆಳು ಲೇಪ ಬೇಕೇ ಬೇಕು, ಅದೂ ಸವೆಯುತ್ತದೆ, ಅದನ್ನೂ ಮತ್ತೆ ಹಚ್ಚಬೇಕು.

ಸೌತ್ ಶೀಲ್ಡ್ಸ್‌ನಲ್ಲಿ ಜಾನ್ ಬಾರ್ಬರ್ ಶುರುಮಾಡಿದ ಕಂಪನಿಯ ಕಾರ್ಖಾನೆಗೆ ಈಗಲೂ ಪ್ರತಿವರ್ಷ ಸಾವಿರಾರು ಹಳೆಯ ಅಂಗಿಗಳು ಪಾರ್ಸಲ್ಲಿನಲ್ಲಿ ಬರುತ್ತವೆ. ಹರಿದಲ್ಲಿ ತೇಪೆ ಹಾಕಿ, ಜಿಪ್ ಬದಲಿಸಿ, ಮೇಣ ಹಚ್ಚಿ ವಾಪಸು ಕಳಿಸುತ್ತಾರೆ. ಅಜ್ಜ ತೊಟ್ಟ ಅಂಗಿಯನ್ನು ಮೊಮ್ಮಗ ತೊಡುವ ಮನೆಗಳು ಅಲ್ಲಿವೆ. ನಿಮ್ಮ ಅಣ್ಣನೋ ಅತ್ತೆಯೋ ಲಂಡನ್ನಿನಲ್ಲೋ ಸ್ಟಾಕ್‌ಹೋಮಿನಲ್ಲೋ ಇದ್ದು, ಅವರ ಹತ್ತಿಯ ಜಾಕೆಟ್ ಮಳೆಯಲ್ಲಿ ಸೋರುತ್ತಿದೆ ಎಂದು ಫೋನಿನಲ್ಲಿ ಹೇಳಿದರೆ, ಹೊಸದು ಕೊಳ್ಳುವ ಮೊದಲು ಮೊಣಕೈಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಲು ಹೇಳಿ.